ಹನುಮಾನ್ ಘಾಟ್‌ಗೆ ಧರ್ಮಸೇವೆಗೆಂದು ಬಂದು ನೆಲೆಸುವವರು ಮಾಡಬೇಕಾದ್ದು, ಮಾಡಬಾರದ್ದು

ಕಾಶಿಯಲ್ಲಿ ಶಿವಾಲಾ ಘಾಟ್ ದಾಟಿ ಹರಿಶ್ಚಂದ್ರ ಘಾಟ್ ಮುಟ್ಟುವುದರೊಳಗೆ ಸಿಗುವ ಕೇರಿ ಹನುಮಾನ್ ಘಾಟ್. ತಲೆಮಾರುಗಳಿಂದ ತಮಿಳರು, ತೆಲುಗರು, ಕನ್ನಡಿಗರು ಇಲ್ಲಿ ಮನೆ ಮಾಡಿಕೊಂಡಿದ್ದಾರೆ. ಹಿಂದೆ ಮೈಸೂರು ಘಾಟ್ ಎನಿಸಿಕೊಂಡಿದ್ದ ಕರ್ನಾಟಕ ಘಾಟ್ ಪಕ್ಕದಲ್ಲೇ ಇದೆ, ನಮ್ಮ ರಾಜ್ಯದ ಛತ್ರವೂ ಇದೆ. ಕಂಚಿ ಕಾಮಕೋಟಿ ಮಠದ ಶಾಖೆ, ಜೂನಾ ಅಖಾಡದ ಸ್ಥಾನ, ವಲ್ಲಭಾಚಾರ್ಯರು ಕೂತು ಬೋಧಿಸಿದ ಬೈಠಕ್ ಎಲ್ಲವೂ ಕೂಗಳತೆಯಲ್ಲಿವೆ. ಧರ್ಮದ ಕೆಲಸ ಹೊತ್ತು ದೂರದಿಂದ ಬಂದವರನ್ನು ಈ ಕೇರಿ ಶತಮಾನಗಳಿಂದ ಕಂಡಿದೆ.

ಈ ಸೂಚನೆ ಅಂಥವರಿಗಾಗಿ. ನಿಮ್ಮನ್ನು ಕಳಿಸಿದ್ದು ಮಠವಿರಲಿ, ಆಶ್ರಮವಿರಲಿ, ಚರ್ಚಿರಲಿ, ಸೇವಾಸಂಘವಿರಲಿ. ನೀವು ಧಾರವಾಡದಿಂದ ಬಂದಿರಲಿ, ಬೇರೆ ದೇಶದಿಂದ ಬಂದಿರಲಿ, ಕಾಶಿಯಲ್ಲೇ ಇನ್ನೊಂದು ಬಡಾವಣೆಯಿಂದ ಇಲ್ಲಿಗೆ ವರ್ಗವಾಗಿರಲಿ, ನಿಯಮ ಒಂದೇ. ಮೊದಲು ನೆರೆಯವರಾಗಿ, ಆಮೇಲೆ ಬೋಧಕರಾಗಿ. ಈ ಕ್ರಮ ತಲೆಕೆಳಗಾದರೆ ಎಷ್ಟು ಓದಿದ್ದರೂ, ಎಷ್ಟು ಭಕ್ತಿಯಿದ್ದರೂ ಕೆಲಸ ನೆಲೆಯೂರುವುದಿಲ್ಲ. ಕೆಳಗಿನ ಒಂದೊಂದು ಮಾತೂ ಇದೇ ನಿಯಮದ ವಿವರ.

ಮಾಡಬೇಕಾದ್ದು

1. ಮೊದಲು ಭಾಷೆ ಕಲಿಯಿರಿ. ತಮಿಳುನಾಡಿನಿಂದ 17ನೇ ಶತಮಾನದಲ್ಲಿ ಬಂದ ಶೈವ ಯತಿ ಕುಮಾರಗುರುಪರರು ಇಲ್ಲಿಗೆ ಹತ್ತಿರದ ಕೇದಾರ ಘಾಟ್‌ನಲ್ಲಿ ಮಠ ಕಟ್ಟಿದರು. ಸರಸ್ವತಿಯ ಅನುಗ್ರಹದಿಂದ ಹಿಂದೂಸ್ತಾನಿ ಕಲಿತು, ಮೊಗಲ್ ದರಬಾರಿನಲ್ಲಿ ಅದೇ ಭಾಷೆಯಲ್ಲಿ ಮಾತಾಡಿ ಜಾಗ ಪಡೆದರು ಎಂಬುದು ಅವರ ಪರಂಪರೆಯ ನಂಬಿಕೆ. ಭಕ್ತರು ಇಂದಿಗೂ ಆ ಕಥೆಯನ್ನು ಹೇಳುವಾಗ ಭಾಷೆಯ ಮಾತನ್ನು ಬಿಡುವುದಿಲ್ಲ. ನಮ್ಮ ನಾಡಿನ ಉದಾಹರಣೆ ಬೇಕಿದ್ದರೆ ಕಿಟೆಲ್ಲರನ್ನು ನೆನೆಯಿರಿ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಆ ಜರ್ಮನ್ ಯುವಕ ಕನ್ನಡಕ್ಕೆ ಕೊಟ್ಟ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರು ಕಲಿಸಲು ಬಂದ ನಾಡಿನಲ್ಲಿ ಕಲಿಯುತ್ತಲೇ ಇದ್ದರು, ಕನ್ನಡಿಗರು ಅವರನ್ನು ನೆನೆಯುವುದೂ ಅದಕ್ಕೇ. ನಿಮಗೆ ಪುಸ್ತಕದ ಹಿಂದಿ ಸಾಲದು. ಅಂಬಿಗರು, ಹಾಲಿನವರು, ಹೂವಿನವರು ಆಡುವುದು ಬನಾರಸಿನ ಭೋಜಪುರಿ. ಬೆಳಿಗ್ಗೆ ಒಂದು ಗಂಟೆ ಚಹದಂಗಡಿಯ ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳಿ. ಕೇಳಿಸಿಕೊಳ್ಳಿ ಅಷ್ಟೇ, ಉಪದೇಶ ಬೇಡ.

2. ಮನೆ ಹಿಡಿಯುವ ಮುಂಚೆ ನೀರಿನ ಮಟ್ಟ ವಿಚಾರಿಸಿ. ಕಾಶಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್. 1978ರ ನೆರೆಯಲ್ಲಿ ನೀರು 73.901 ಮೀಟರ್ ಮುಟ್ಟಿತ್ತು. ಆಷಾಢ ಕಳೆದು ಭಾದ್ರಪದ ಮುಗಿಯುವವರೆಗೆ ಸೋಪಾನಗಳು ಒಂದೊಂದಾಗಿ ಮುಳುಗುತ್ತವೆ, ಘಾಟ್‌ನಿಂದ ಘಾಟ್‌ಗೆ ನಡೆದು ಹೋಗುವ ದಾರಿ ಮುಚ್ಚುತ್ತದೆ, ದೋಣಿ ನಿಲ್ಲುತ್ತದೆ. ಹರಿಶ್ಚಂದ್ರ ಘಾಟ್‌ನಲ್ಲಿ ದಹನ ಮೇಲಿನ ಗಲ್ಲಿಗೆ ಬರುತ್ತದೆ. ನೀರು ಇಳಿದ ಮೇಲೆ ಮೆಟ್ಟಿಲುಗಳ ಮೇಲೆ ಮೊಣಕಾಲುದ್ದ ಕೆಸರು ನಿಂತಿರುತ್ತದೆ. ದಪ್ಪ ಪೈಪಿನಲ್ಲಿ ನೀರು ಚಿಮ್ಮಿಸಿ ದಿನಗಟ್ಟಲೆ ತೊಳೆದರೂ ಕಲ್ಲಿನ ಸಂದುಗಳಲ್ಲಿ ಬೂದುಬಣ್ಣದ ಗೋಡು ಉಳಿದು ಕಾಲು ಜಾರಿಸುತ್ತದೆ. ಆದ್ದರಿಂದ ನೆಲಮಾಳಿಗೆಯನ್ನು ಅಗ್ಗವೆಂದು ಹಿಡಿಯಬೇಡಿ. ನೆರೆ ಬಂದಾಗ ಈ ಮನೆಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಮನೆಯವರನ್ನಷ್ಟೇ ಅಲ್ಲ, ಎದುರು ಮನೆಯವರನ್ನೂ ಕೇಳಿ. ಪುಸ್ತಕ, ಪೂಜೆಯ ಸಾಮಾನು, ಔಷಧಿ ಮೇಲಿನ ಮಹಡಿಯಲ್ಲೇ ಇರಬೇಕು.

3. ಕಾಲ ನೋಡಿ ಬನ್ನಿ. ಮಹಾಶಿವರಾತ್ರಿ, ಕಾರ್ತಿಕ ಪೂರ್ಣಿಮೆಯ ದೇವದೀಪಾವಳಿ, ಪ್ರಯಾಗದ ಕುಂಭ ಮುಗಿದು ಅಖಾಡಗಳ ಸಾಧುಗಳು ಕಾಶಿಗೆ ಬರುವ ದಿನಗಳು, ಇವುಗಳಲ್ಲಿ ಗಲ್ಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಸಾಮಾನು ಸಾಗಿಸುವುದೂ ಮನೆ ಹುಡುಕುವುದೂ ಆಗದ ಮಾತು. ಜ್ಯೇಷ್ಠದಲ್ಲಿ ಲೂ ಎಂಬ ಬಿಸಿಗಾಳಿ ಬೀಸುತ್ತದೆ, ಪುಷ್ಯದಲ್ಲಿ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಮಲೆನಾಡಿನವರಿಗೂ ಮೈಸೂರಿನವರಿಗೂ ಈ ಎರಡು ಋತುಗಳು ಮೈಗೆ ಹೊಸವು. ಮೊದಲ ವರ್ಷ ಶರೀರವನ್ನು ದಂಡಿಸಬೇಡಿ. ಜ್ವರ ಬಂದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ.

4. ಕಾಗದಪತ್ರ ಮೊದಲ ವಾರವೇ ಸರಿಮಾಡಿಕೊಳ್ಳಿ. ಬಾಡಿಗೆ ಕರಾರು ಬರವಣಿಗೆಯಲ್ಲಿರಲಿ. ಬಾಡಿಗೆದಾರರ ಪೊಲೀಸ್ ಪರಿಶೀಲನೆ ಮುಗಿಸಿ. ವಿದೇಶದಿಂದ ಬಂದವರನ್ನು ಮನೆಯಲ್ಲೋ ಛತ್ರದಲ್ಲೋ ಇರಿಸಿಕೊಂಡವರು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಲೇಬೇಕು. ಧರ್ಮಪ್ರಚಾರಕ್ಕೆ ಬರುವ ವಿದೇಶೀಯರಿಗೆ ಬೇರೆಯೇ ವೀಸಾ ಇದೆ, ಪ್ರವಾಸಿ ವೀಸಾದಲ್ಲಿ ಬಂದು ಆ ಕೆಲಸ ಮಾಡುವಂತಿಲ್ಲ. ನಿಮ್ಮ ಒಂದು ತಪ್ಪಿಗೆ ನಿಮ್ಮನ್ನು ನಂಬಿ ಮನೆ ಕೊಟ್ಟವರು ಠಾಣೆಯ ಮೆಟ್ಟಿಲು ಹತ್ತುವಂತಾಗಬಾರದು.

5. ಕೇರಿಯ ಹಿರಿಯರನ್ನು ಹೋಗಿ ಕಾಣಿ. ಅವರು ಬಂದು ನಿಮ್ಮನ್ನು ಕಾಣಲಿ ಎಂದು ಕಾಯಬೇಡಿ. ದೇವಸ್ಥಾನದ ಅರ್ಚಕರು, ಮಠದ ವ್ಯವಸ್ಥಾಪಕರು, ಅಂಬಿಗರ ಯಜಮಾನರು, ಮೂಲೆಯಂಗಡಿಯವರು, ಎದುರು ಮನೆಯ ಅಜ್ಜಿ ಎಲ್ಲರಿಗೂ ನೀವು ಯಾರು, ಯಾರು ಕಳಿಸಿದರು, ಎಷ್ಟು ಕಾಲ ಇರುತ್ತೀರಿ ಎಂದು ಒಂದೇ ಉತ್ತರ ಕೊಡಿ. ಬಂದ ಉದ್ದೇಶವನ್ನು ಮರೆಮಾಚಬೇಡಿ. ಗಲ್ಲಿಯಲ್ಲಿ ಸುದ್ದಿ ನಿಮಗಿಂತ ಮುಂಚೆ ಮನೆ ಸೇರುತ್ತದೆ. ಹಿರಿಯರಿಗೆ ಕೈಮುಗಿದು ‘ಮಹಾದೇವ್’ ಎಂದರೆ ಸಾಕು, ಮಾತು ತಾನಾಗಿ ಶುರುವಾಗುತ್ತದೆ.

6. ಮೊದಲ ಸೇವೆ ಕೈಯದಾಗಿರಲಿ. ಇಲ್ಲಿ ಕೊನೆಗಾಲ ಕಳೆಯಲು ಬಂದ ಮುದುಕರಿದ್ದಾರೆ, ಅವರಲ್ಲಿ ಕನ್ನಡದವರೂ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ನವೆಂಬರ್ ಬಂತೆಂದರೆ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಬೇಕು. ಸವೆದ ಹೆಬ್ಬೆರಳಿನ ಗುರುತನ್ನು ಯಂತ್ರ ಹಿಡಿಯುವುದಿಲ್ಲ. ಒಂದು ಸಲ ಒತ್ತಿ, ಒರೆಸಿ, ಮತ್ತೆ ಒತ್ತಿ, ಕೊನೆಗೆ ಅಜ್ಜಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ‘ಬಿಡಪ್ಪ, ನಾಳೆ ನೋಡೋಣ’ ಅನ್ನುತ್ತಾರೆ. ಆ ನಾಳೆ ಅವರನ್ನು ರಿಕ್ಷಾದಲ್ಲಿ ಬ್ಯಾಂಕಿಗೆ ಕರೆದೊಯ್ಯುವವರು ನೀವಾಗಿ. ಬೆಳಗಿನ ಸ್ನಾನಕ್ಕೆ ಕೈ ಹಿಡಿದು ಮೆಟ್ಟಿಲಿಳಿಸಿ, ಔಷಧಿ ಚೀಟಿ ಓದಿ ಹೇಳಿ, ಊರಿಗೆ ಫೋನ್ ಹಚ್ಚಿಕೊಡಿ. ಇದಕ್ಕಿಂತ ದೊಡ್ಡ ಪ್ರವಚನ ಈ ಕೇರಿಯಲ್ಲಿ ಇಲ್ಲ.

7. ಕಂಡದ್ದನ್ನು ಬರೆದಿಡಿ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿದ್ದಾಗ 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರಡಿಸಿದರು. ಆಮೇಲೆ ಕೊಡಗಿಗೆ ಹೋದರು, ಆ ಹೊಸ ನಾಡಿನ ಬಗ್ಗೆ 1855ರಲ್ಲಿ ಪುಸ್ತಕ ಬರೆದರು. ಬನಾರಸಿಗೆ 1839ರಲ್ಲಿ ಬಂದ ಲಂಡನ್ ಮಿಷನರಿ ಸೊಸೈಟಿಯ ಜೇಮ್ಸ್ ಕೆನೆಡಿ, ಇಲ್ಲೂ ಕುಮಾವೂಂ ಬೆಟ್ಟಗಳಲ್ಲೂ 1877ರವರೆಗೆ ಕಳೆದ ಕಾಲವನ್ನು ಪುಸ್ತಕವಾಗಿ ಬರೆದಿಟ್ಟರು. ಅವರ ಅಭಿಪ್ರಾಯಗಳನ್ನು ನಾವು ಒಪ್ಪಬೇಕಿಲ್ಲ. ಆದರೆ ಹೊಸ ಜಾಗಕ್ಕೆ ಹೋದವರು ಬರೆದಿಡುವ ಶಿಸ್ತನ್ನು ಅವರಿಂದ ಕಲಿಯಬೇಕು. ಯಾವ ಮನೆಯಲ್ಲಿ ಯಾರಿಗೆ ಏನು ಬೇಕು, ಯಾರಿಗೆ ಯಾವ ಮಾತು ಕೊಟ್ಟಿದ್ದೀರಿ ಎಂಬುದು ಒಂದು ಪುಸ್ತಕದಲ್ಲಿದ್ದರೆ ನಿಮ್ಮ ನಂತರ ಬಂದವರು ಮೊದಲಿನಿಂದ ಶುರು ಮಾಡಬೇಕಿಲ್ಲ.

ಮಾಡಬಾರದ್ದು

1. ದಹನದ ಫೋಟೊ ತೆಗೆಯಬಾರದು. ಹರಿಶ್ಚಂದ್ರ ಘಾಟ್ ಕೆಲವೇ ಹೆಜ್ಜೆ ದೂರದಲ್ಲಿದೆ. ಊರಿನ ದಾನಿಗಳಿಗೆ ತೋರಿಸಬೇಕು, ಸಂಸ್ಥೆಗೆ ವರದಿ ಕಳಿಸಬೇಕು ಎಂಬ ನೆಪ ಬೇಡ. ಅಲ್ಲಿ ಸುಡುತ್ತಿರುವುದು ಒಬ್ಬರ ತಾಯಿ, ಒಬ್ಬರ ಮಗ. ಗಲ್ಲಿಯಲ್ಲಿ ‘ರಾಮ್ ನಾಮ್ ಸತ್ಯ ಹೈ’ ಕೇಳಿಸಿದರೆ ಮಾತು ನಿಲ್ಲಿಸಿ, ಗೋಡೆಗೆ ಸರಿದು ದಾರಿ ಬಿಡಿ.

2. ನೆರವು ಕೊಟ್ಟು ನಂಬಿಕೆ ಕೊಳ್ಳಬಾರದು. ಅಕ್ಕಿ, ಔಷಧಿ, ಶಾಲೆಯ ಫೀಸು ಯಾವುದನ್ನೂ ಪಂಥದ ಲೆಕ್ಕಕ್ಕೆ ಹಚ್ಚಕೂಡದು. ಉತ್ತರ ಪ್ರದೇಶದ ಕಾನೂನುಬಾಹಿರ ಮತಾಂತರ ನಿಷೇಧ ಕಾಯ್ದೆ 2021ರಲ್ಲಿ ಬಂತು. ಬಲವಂತ, ಮೋಸ, ಆಮಿಷದ ಮತಾಂತರ ಅದರಡಿ ಅಪರಾಧ. 2024ರ ತಿದ್ದುಪಡಿ ಶಿಕ್ಷೆಯನ್ನು ಇನ್ನೂ ಹೆಚ್ಚಿಸಿದೆ. ಕಾಯ್ದೆ ಇಲ್ಲದಿದ್ದರೂ ಇದು ಸಲ್ಲದು. ಹಸಿದವರ ಮುಂದೆ ಷರತ್ತು ಇಡುವುದು ಯಾವ ಧರ್ಮದಲ್ಲೂ ಸೇವೆಯಲ್ಲ. ಈ ಮಾತು ಚರ್ಚಿನವರಿಗೆ ಎಷ್ಟು ಅನ್ವಯವೋ ಮಠದವರಿಗೂ ಅಷ್ಟೇ ಅನ್ವಯ.

3. ಇನ್ನೊಬ್ಬರ ಜಾತ್ರೆಯಲ್ಲಿ ನಿಮ್ಮ ವೇದಿಕೆ ಹಾಕಬಾರದು. ಮಂಗಳೂರಿಗೆ 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನ ಮೊದಲ ಮೂವರಲ್ಲಿ ಸ್ಯಾಮ್ಯುಯೆಲ್ ಹೆಬಿಕ್ ಒಬ್ಬರು. ಮುಂದೆ ಕಣ್ಣೂರಿಗೆ ಹೋದ ಅವರು ಅಲ್ಲಿನ ದೇವಸ್ಥಾನಗಳ ಉತ್ಸವಗಳಿಗೇ ಹೋಗಿ ದುಭಾಷಿಗಳ ಮೂಲಕ ಬೋಧಿಸಿದರು, ಜನರ ಕೋಪಕ್ಕೆ ಗುರಿಯಾದರು. ಧೈರ್ಯಕ್ಕೆ ಕೊರತೆಯಿರಲಿಲ್ಲ, ಆದರೆ ಹಬ್ಬದ ದಿನ ಮನೆಗೆ ಬಂದು ಮನೆಯ ದೇವರನ್ನೇ ಜರೆದವರ ಮಾತನ್ನು ಯಾರು ಕೇಳುತ್ತಾರೆ? ಘಾಟ್ ಸ್ನಾನಕ್ಕೆ, ಜಪಕ್ಕೆ, ಪಿಂಡಪ್ರದಾನಕ್ಕೆ ಇದೆ. ಅಲ್ಲಿ ಧ್ವನಿವರ್ಧಕ, ಕರಪತ್ರ, ಬ್ಯಾನರು ಕೂಡದು.

4. ನಮ್ಮವರ ನಡುವೆಯೇ ಉಳಿದುಬಿಡಬಾರದು. ಇಲ್ಲಿ ಇಡ್ಲಿ ಸಿಗುತ್ತದೆ, ಕಾಫಿಪುಡಿ ಸಿಗುತ್ತದೆ, ಗೋದೌಲಿಯಾ ಕಡೆ ಹೋದರೆ ಜಂಗಮವಾಡಿ ಮಠದಲ್ಲಿ ಕನ್ನಡವೂ ಕೇಳಿಸುತ್ತದೆ. ಊರ ನೆನಪು ಕಾಡಿದಾಗ ಅಲ್ಲಿಗೆ ಹೋಗಿ, ಮನಸ್ಸು ಹಗುರ ಮಾಡಿಕೊಳ್ಳಿ. ಅದನ್ನೇ ಬಿಡಾರ ಮಾಡಿಕೊಳ್ಳಬೇಡಿ. ತಂದೆ ತೀರಿಕೊಂಡ ಮೇಲೆ 1898ರಲ್ಲಿ ಹನುಮಾನ್ ಘಾಟ್‌ನ ಅತ್ತೆಯ ಮನೆಗೆ ಬಂದ ಹದಿಹರೆಯದ ಸುಬ್ರಮಣ್ಯ ಭಾರತಿ, ಮುಂದೆ ತಮಿಳಿನ ಹೆಸರಾಂತ ಕವಿಯಾದವರು, ಈ ಗಲ್ಲಿಗಳಲ್ಲಿ ಓಡಾಡಿ ಹಿಂದಿ, ಸಂಸ್ಕೃತ ಕಲಿತರು. ಅವರ ಚಿತ್ರಗಳಲ್ಲಿ ನಾವು ಕಾಣುವ ಮುಂಡಾಸು, ಮೀಸೆ ಕಾಶಿಯಲ್ಲೇ ಬಂದವು. ತಮಿಳು ಮನೆಯಲ್ಲಿದ್ದೂ ಅವರು ಕಾಶಿಗೆ ಬಾಗಿಲು ಮುಚ್ಚಿಕೊಳ್ಳಲಿಲ್ಲ.

5. ಜಾತಿ ವಿಚಾರಿಸಬಾರದು, ಜಾತಿ ನೋಡಿ ನಡೆಯಬಾರದು. ಚಿತೆಗೆ ಬೆಂಕಿ ಕೊಡುವ ಡೋಮರಿಲ್ಲದೆ, ದೋಣಿ ನಡೆಸುವ ಅಂಬಿಗರಿಲ್ಲದೆ, ಬೆಳಗಾಗುವುದರೊಳಗೆ ಗಲ್ಲಿ ಗುಡಿಸುವವರಿಲ್ಲದೆ ಕಾಶಿಯ ಒಂದು ದಿನವೂ ಸಾಗದು. ವಯಸ್ಸಾದವರನ್ನು ‘ಚಾಚಾ’ ಎನ್ನಿ, ಸಮವಯಸ್ಕರನ್ನು ‘ಭೈಯಾ’ ಎನ್ನಿ. ಅವರು ಕೊಟ್ಟ ನೀರು ಕುಡಿಯಿರಿ. ಕುಡಿಯಲಾಗದವರು ಸೇವೆಯ ಹೆಸರೆತ್ತಬೇಡಿ.

6. ಹೋಲಿಸಿ ಹಳಿಯಬಾರದು. ಗಲ್ಲಿ ಇಕ್ಕಟ್ಟು, ಗೂಳಿ ಅಡ್ಡ ನಿಂತಿರುತ್ತದೆ, ಕೋತಿ ಬಟ್ಟೆ ಎಳೆದೊಯ್ಯುತ್ತದೆ, ಕರೆಂಟು ಹೋಗುತ್ತದೆ. ಮಾತುಮಾತಿಗೆ ‘ನಮ್ಮಲ್ಲಿ ಹೀಗಿಲ್ಲ’ ಅನ್ನಬೇಡಿ. ಕೊಳಕು ಕಂಡರೆ ಪೊರಕೆ ಹಿಡಿಯಿರಿ. ನೀವು ಮಾತ್ರ ಗಂಗೆಗೆ ಸೋಪು, ಪ್ಲಾಸ್ಟಿಕ್, ಹಳೆಬಟ್ಟೆ ಬಿಡಬೇಡಿ.

7. ಬಡತನ ತೋರಿಸಿ ಹಣ ಎತ್ತಬಾರದು. ವಿಧವೆಯರ, ಮಕ್ಕಳ, ಸಾಯುತ್ತಿರುವವರ ಮುಖ ಹಾಕಿದ ವೀಡಿಯೊ ಯಾವ ಕಾರಣಕ್ಕೂ ಬೇಡ. ಬಂದ ಹಣದ ಲೆಕ್ಕ ಕೇರಿಯವರಿಗೂ ಕಾಣುವಂತಿರಲಿ.

8. ಹೇಳದೆ ಹೋಗಬಾರದು. ವರ್ಗವಾಗುತ್ತದೆ, ಕರೆ ಬರುತ್ತದೆ, ಇನ್ನೊಂದು ಊರಿಗೆ ಹೊರಡಬೇಕಾಗುತ್ತದೆ, ಅದು ನಿಮ್ಮ ವೃತ್ತಿಯ ಧರ್ಮ. ಹೊರಡುವ ಮುಂಚೆ ಮನೆಮನೆಗೆ ಹೋಗಿ ಹೇಳಿ. ಅಂಗಡಿಯ ಬಾಕಿ ತೀರಿಸಿ, ನಿಮ್ಮನ್ನು ನೆಚ್ಚಿಕೊಂಡ ಮುದುಕರನ್ನು ಯಾರಿಗೆ ಒಪ್ಪಿಸಿದ್ದೀರಿ ಎಂದು ಅವರಿಗೇ ತಿಳಿಸಿ. ಪೂರ್ವಜರ ಮೂಲಕ ತೆಲುಗು ನಾಡಿನವರಾದ ವಲ್ಲಭಾಚಾರ್ಯರು ದೇಶವಿಡೀ ಸಂಚರಿಸಿದರು. ವಿಜಯನಗರದಲ್ಲಿ ಅವರಿಗೆ ಸನ್ಮಾನವಾಯಿತೆಂದು ಅವರ ಸಂಪ್ರದಾಯ ಹೇಳುತ್ತದೆ. ಕೊನೆಗೆ 1531ರಲ್ಲಿ ದೇಹ ಬಿಟ್ಟದ್ದು ಇದೇ ಹನುಮಾನ್ ಘಾಟ್‌ನಲ್ಲಿ. ಅಷ್ಟು ತಿರುಗಿದವರೂ ತಾವು ಇದ್ದ ಕಡೆಯೆಲ್ಲ ಸಂಬಂಧ ಉಳಿಸಿಕೊಂಡರು. ಅವರ ಬೈಠಕ್‌ಗಳಿಗೆ ಜನ ಇಂದಿಗೂ ಹೋಗುತ್ತಾರೆ.

ಕಳಿಸುವ ಸಂಸ್ಥೆಗಳಿಗೆ

ಹೊಸಬರನ್ನು ಒಂಟಿಯಾಗಿ ಕಳಿಸಬೇಡಿ. ಈ ಕೇರಿ ಬಲ್ಲವರೊಬ್ಬರು ಮೊದಲ ಕೆಲವು ತಿಂಗಳು ಜೊತೆಗಿರಲಿ. ಮೊದಲ ವರ್ಷ ಎಷ್ಟು ಸಭೆ ಮಾಡಿದಿರಿ, ಎಷ್ಟು ಜನ ಬಂದರು ಎಂಬ ವರದಿ ಕೇಳಬೇಡಿ. ಭಾಷೆ ಎಷ್ಟು ಬಂತು, ಎಷ್ಟು ಮನೆಯವರ ಪರಿಚಯವಾಯಿತು ಎಂದು ಕೇಳಿ. ಇಷ್ಟು ಕಾಯುವ ತಾಳ್ಮೆ ಇಲ್ಲದಿದ್ದರೆ ಯಾರನ್ನೂ ಕಳಿಸದಿರುವುದೇ ಮೇಲು.

ಈ ಸೂಚನೆಯನ್ನು ಹೊರಡುವ ಮುನ್ನವೇ ಓದಿ, ಜೊತೆಗೆ ಬರುವವರಿಗೂ ಓದಿ ಹೇಳಿ. ಇದರಲ್ಲಿ ಒಂದನ್ನಾದರೂ ಪಾಲಿಸಲಾಗದು ಎನಿಸಿದರೆ ಯಾತ್ರಿಕರಾಗಿ ಬಂದು, ಸ್ನಾನ ಮಾಡಿ, ದರ್ಶನ ಪಡೆದು ಹೋಗಿ, ಅದಕ್ಕೆ ಛತ್ರವಿದೆ. ನೆಲೆಸಿ ಸೇವೆ ಮಾಡುತ್ತೇವೆ ಎನ್ನುವವರು ಇದನ್ನೆಲ್ಲ ಒಪ್ಪಿಯೇ ಬರಬೇಕು.