ಪಕ್ಷವಿಲ್ಲದ ಮೇಯರ್

ಒಂದು ನಗರಕ್ಕೆ ಒಳ್ಳೆಯ ಆಡಳಿತ ದೊರೆಯಬೇಕಾದರೆ ಒಳ್ಳೆಯ ಮನುಷ್ಯನನ್ನು ಆರಿಸಿದರೆ ಸಾಕೆ? ಅಥವಾ ಆಡಳಿತದ ವ್ಯವಸ್ಥೆಯನ್ನೇ ತಿದ್ದಬೇಕೆ? ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ಪಶ್ಚಿಮ ತುದಿಯಲ್ಲಿರುವ ಟೊಲೆಡೊ ನಗರವು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಹದಿನೇಳು ವರ್ಷಗಳನ್ನು ತೆಗೆದುಕೊಂಡಿತು. 1900ರಲ್ಲಿ ಆ ನಗರದ ಜನಸಂಖ್ಯೆ ಸುಮಾರು 1,30,000.

ಈ ಕಥೆಯ ನಾಯಕ ಸ್ಯಾಮ್ಯುಯೆಲ್ ಜೋನ್ಸ್. ಅವನು 1846ರಲ್ಲಿ ವೇಲ್ಸ್ ನಾಡಿನ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ಮೂರು ವರ್ಷದ ಮಗುವಾಗಿದ್ದಾಗಲೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದನು. ಶಾಲೆಯಲ್ಲಿ ಕಲಿತದ್ದು ಅತ್ಯಲ್ಪ. ಎಣ್ಣೆಬಾವಿಗಳಲ್ಲಿ ಕೂಲಿಯಾಗಿ ದುಡಿದು, ಕ್ರಮೇಣ ಆ ಉದ್ಯಮದ ಒಳಹೊರಗನ್ನು ಅರಿತು, ಬಾವಿಯಿಂದ ಎಣ್ಣೆಯನ್ನು ಮೇಲೆತ್ತುವ ಲೋಹದ ಸಲಾಕೆಯೊಂದನ್ನು ರೂಪಿಸಿದನು. 1894ರಲ್ಲಿ ಅದನ್ನು ತಯಾರಿಸುವ ಕಾರ್ಖಾನೆಯನ್ನು ಟೊಲೆಡೊದಲ್ಲಿ ತೆರೆದನು. ಪರರು ತನ್ನೊಡನೆ ಹೇಗೆ ವರ್ತಿಸಬೇಕೆಂದು ಬಯಸುವನೋ ಹಾಗೆಯೇ ತಾನೂ ಪರರೊಡನೆ ವರ್ತಿಸಬೇಕೆಂಬ ‘ಸುವರ್ಣ ನಿಯಮ’ವೇ ಆ ಕಾರ್ಖಾನೆಯ ಗೋಡೆಯ ಮೇಲಿದ್ದ ಕಟ್ಟಳೆ. ಅಲ್ಲಿ ದಿನಕ್ಕೆ ಎಂಟೇ ಗಂಟೆ ಕೆಲಸ; ವೇತನಸಹಿತ ರಜೆಯೂ ಉಂಟು. ಆ ಕಾಲಕ್ಕೆ ಇವು ಅಪರೂಪದ ಸಂಗತಿಗಳು. ಜನ ಅವನನ್ನು ‘ಸುವರ್ಣ ನಿಯಮದ ಜೋನ್ಸ್’ ಎಂದೇ ಕರೆದರು.

1897ರಲ್ಲಿ ರಿಪಬ್ಲಿಕನ್ ಪಕ್ಷದ ಮುಂದಾಳುಗಳು ಮೇಯರ್ ಸ್ಥಾನದ ಅಭ್ಯರ್ಥಿಯ ವಿಷಯದಲ್ಲಿ ತಮ್ಮತಮ್ಮಲ್ಲೇ ಕಚ್ಚಾಡಿ, ಕೊನೆಗೆ ರಾಜಕೀಯದ ಗಂಧವಿಲ್ಲದ ಜೋನ್ಸನನ್ನು ನಿಲ್ಲಿಸಿದರು. ಅವನು ಅಲ್ಪ ಅಂತರದಿಂದ ಗೆದ್ದನು. ತಮ್ಮ ಮಾತು ಕೇಳುವ ಸಾಧುಪ್ರಾಣಿ ಸಿಕ್ಕಿದನೆಂದು ಅವರು ಭಾವಿಸಿದ್ದರೆ ಅದು ತಪ್ಪು ಲೆಕ್ಕವಾಗಿತ್ತು. ಜೋನ್ಸನು ಪೋಲೀಸರ ಭಾರವಾದ ದೊಣ್ಣೆಗಳನ್ನು ಬಿಡಿಸಿ ಹಗುರವಾದ ಬೆತ್ತಗಳನ್ನು ಕೊಡಿಸಿದನು; ಮಕ್ಕಳಿಗೆ ಆಟದ ಬಯಲುಗಳನ್ನು ಒದಗಿಸಿದನು. ಪೋಲೀಸು ನ್ಯಾಯಾಧೀಶನಿಲ್ಲದಾಗ ಪೀಠದಲ್ಲಿ ಕುಳಿತು ವಿಚಾರಣೆ ನಡೆಸುವ ಅಧಿಕಾರ ಮೇಯರನಿಗಿತ್ತು. ಆ ಪೀಠದಿಂದ ಅವನು ಅನೇಕ ದೀನರನ್ನು ಬಿಡುಗಡೆ ಮಾಡಿದನು. ಬಡತನವನ್ನು ಅಪರಾಧವೆಂದು ದಂಡಿಸುವುದು ಅವನಿಗೆ ಒಪ್ಪಿಗೆಯಾಗಲಿಲ್ಲ.

1899ರಲ್ಲಿ ಪಕ್ಷ ಅವನಿಗೆ ಟಿಕೆಟನ್ನು ನಿರಾಕರಿಸಿತು. ಜೋನ್ಸನು ಯಾವ ಪಕ್ಷದ ಆಸರೆಯೂ ಇಲ್ಲದೆ ನಿಂತನು. ಬೀದಿಯ ದೀಪಕ್ಕೂ ಕುಡಿಯುವ ನೀರಿಗೂ ಪಕ್ಷವೆಲ್ಲಿದೆ? ನಗರದ ಚುನಾವಣೆಯಲ್ಲಿ ಪಕ್ಷಗಳ ಹೆಸರೇ ಇರಬಾರದು. ನಗರದ ಆಡಳಿತ ಹೇಗಿರಬೇಕೆಂಬುದನ್ನು ನಗರದ ಜನರೇ ನಿರ್ಧರಿಸಬೇಕು. ಸಾರ್ವಜನಿಕ ಸೌಕರ್ಯಗಳ ಗುತ್ತಿಗೆಯನ್ನು ಪ್ರಜೆಗಳ ಸಮ್ಮತಿಯಿಲ್ಲದೆ ಯಾರಿಗೂ ಕೊಡಬಾರದು: ಇದು ಅವನ ವಾದ. ಚಲಾವಣೆಯಾದ ಮತಗಳಲ್ಲಿ ಶೇಕಡ 70ರಷ್ಟು ಅವನಿಗೆ ಬಂದವು. 1901 ಮತ್ತು 1903ರಲ್ಲಿಯೂ ಅವನೇ ಗೆದ್ದನು.

ಆದರೆ ಜಯಗಳಿಸಿದ ಮೇಯರನ ಕೈಗಳು ಕಟ್ಟಿದ್ದವು. ನಗರದ ಆಡಳಿತ ಸ್ವರೂಪವನ್ನು ನಿರ್ಣಯಿಸುವ ಹಕ್ಕು ನಗರಕ್ಕಿರಲಿಲ್ಲ. ಅದು ರಾಜ್ಯದ ಶಾಸನಸಭೆಯ ವಶದಲ್ಲಿತ್ತು. ಜೋನ್ಸನ ತೀರ್ಪುಗಳನ್ನು ಸಹಿಸದ ಶಾಸನಸಭೆ, ಮೇಯರನು ನ್ಯಾಯಪೀಠದಲ್ಲಿ ಕೂರುವ ಅಧಿಕಾರವನ್ನೇ ಕಿತ್ತುಕೊಂಡಿತು. 1902ರಲ್ಲಿ ಟೊಲೆಡೊದ ಪೋಲೀಸು ಇಲಾಖೆಯನ್ನು ರಾಜ್ಯಪಾಲನು ನೇಮಿಸುವ ಮಂಡಲಿಗೆ ಒಪ್ಪಿಸುವ ಕಾನೂನನ್ನು ಮಾಡಿತು. ಜೋನ್ಸನು ಅದಕ್ಕೆ ಮಣಿಯಲಿಲ್ಲ. ಒಹಾಯೊ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ಅಸಿಂಧುವೆಂದು ಸಾರಿತು. ಆದರೆ ಗೆಲುವಿನ ಫಲ ವಿಚಿತ್ರವಾಗಿತ್ತು. ಒಂದೊಂದು ನಗರಕ್ಕೆ ಒಂದೊಂದು ಕಾನೂನು ಸಲ್ಲದೆಂದಾದ ಮೇಲೆ, ಶಾಸನಸಭೆಯು ರಾಜ್ಯದ ನಗರಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಸಂಹಿತೆಯನ್ನು ಹೊರಡಿಸಿತು. ಪೋಲೀಸು ಇಲಾಖೆಯೇನೋ ಉಳಿಯಿತು, ಸ್ವಾತಂತ್ರ್ಯ ದೊರೆಯಲಿಲ್ಲ.

1904ರ ಜುಲೈ 12ರಂದು, ಅಧಿಕಾರದಲ್ಲಿರುವಾಗಲೇ ಜೋನ್ಸನು ತೀರಿಕೊಂಡನು. ಅವನಿಗಿನ್ನೂ ಐವತ್ತೇಳು ವರ್ಷ. ಒಳ್ಳೆಯ ಮನುಷ್ಯ ಹೋದನು. ವ್ಯವಸ್ಥೆ ಇದ್ದಂತೆಯೇ ಇತ್ತು.

ಅವನ ಕೆಲಸವನ್ನು ಕೈಗೆತ್ತಿಕೊಂಡವನು ಗೆಳೆಯ ಬ್ರಾಂಡ್ ವಿಟ್‌ಲಾಕ್. ಅವನು ವಕೀಲ, ಕಾದಂಬರಿಕಾರ. 1905ರಲ್ಲಿ ಪಕ್ಷೇತರನಾಗಿಯೇ ಮೇಯರನಾಗಿ ಸತತವಾಗಿ ನಾಲ್ಕು ಬಾರಿ ಗೆದ್ದನು. ರೋಗದ ಮೂಲ ಬೇರೆಡೆ ಇದೆಯೆಂದು ಅವನು ಅರಿತಿದ್ದನು. ರಾಜ್ಯದ ಸಂವಿಧಾನವೇ ಬದಲಾಗದೆ ನಗರಕ್ಕೆ ಬಿಡುಗಡೆಯಿರಲಿಲ್ಲ. ಆದ್ದರಿಂದ ಅವನು ಇತರ ಸುಧಾರಕರೊಡನೆ ಸೇರಿ ನಗರ ಸ್ವಾಧಿಕಾರಕ್ಕಾಗಿ ಹೋರಾಡಿದನು. 1912ರ ಸೆಪ್ಟೆಂಬರಿನಲ್ಲಿ ಒಹಾಯೊದ ಮತದಾರರು ಆ ತಿದ್ದುಪಡಿಯನ್ನು ಅಂಗೀಕರಿಸಿದರು. ತಮ್ಮ ಆಡಳಿತದ ಸನ್ನದನ್ನು ತಾವೇ ರಚಿಸಿಕೊಳ್ಳುವ ಹಕ್ಕು ನಗರಗಳಿಗೆ ಬಂದಿತು. 1914ರಲ್ಲಿ ಟೊಲೆಡೊ ತನ್ನ ಸನ್ನದನ್ನು ಮತದಿಂದ ಸ್ವೀಕರಿಸಿತು. ನಗರದ ಮತಪತ್ರದಿಂದ ಪಕ್ಷಗಳ ಹೆಸರು ಮರೆಯಾಯಿತು. ವಿಟ್‌ಲಾಕ್ ಅಷ್ಟರಲ್ಲಿ ಮತ್ತೆ ಸ್ಪರ್ಧಿಸಲೊಲ್ಲದೆ, ರಾಯಭಾರದ ಕಾರ್ಯಕ್ಕಾಗಿ ಬೆಲ್ಜಿಯಮ್ಮಿಗೆ ತೆರಳಿದ್ದನು.

ಆ ಸನ್ನದೂ ಶಾಶ್ವತವಾಗಲಿಲ್ಲ. 1930ರ ದಶಕದಲ್ಲಿ ಟೊಲೆಡೊ, ನಗರಸಭೆ ನೇಮಿಸುವ ವೃತ್ತಿಪರ ವ್ಯವಸ್ಥಾಪಕನ ಕೈಗೆ ಆಡಳಿತವನ್ನು ಒಪ್ಪಿಸಿತು. 1990ರ ದಶಕದಲ್ಲಿ ಅದನ್ನು ಬಿಟ್ಟು, ಜನರು ನೇರವಾಗಿ ಆರಿಸುವ ಪ್ರಬಲ ಮೇಯರನ ಪದ್ಧತಿಯನ್ನು ತಂದುಕೊಂಡಿತು. ಎರಡು ಸಲವೂ ನಿರ್ಧಾರ ಮಾಡಿದವರು ಆ ಊರಿನ ಮತದಾರರೇ. ಯಾವ ಪದ್ಧತಿಯೂ ದೋಷರಹಿತವಲ್ಲ. ಆದರೆ ದೋಷ ಕಂಡಾಗ ತಿದ್ದಿಕೊಳ್ಳುವ ಅಧಿಕಾರ ಜನರಲ್ಲಿರಬೇಕು. ಸಜ್ಜನನೊಬ್ಬನ ಆಳ್ವಿಕೆ ಅವನ ಆಯುಷ್ಯದಷ್ಟು ಮಾತ್ರ ಬಾಳುತ್ತದೆ. ಅವನು ಜನರಿಗೆ ಗಳಿಸಿಕೊಡಲು ಹೆಣಗಿದ ಹಕ್ಕು ಅವನ ಅನಂತರವೂ ಬಾಳಬಲ್ಲುದು.