ಮೊದಲು ಡಬ್ಬಿ ನೋಡಿ

ಕೇಕ್ ಉಬ್ಬಲಿಲ್ಲವೆಂದು ಮೈದಾವನ್ನು ಬೈಯುವ ಮೊದಲು ಬೇಕಿಂಗ್ ಪೌಡರ್ ಡಬ್ಬಿ ತೆಗೆದು ನೋಡಿ. ಮಳೆಗಾಲದ ತೇವ ತಾಗಿದರೆ ಅದರೊಳಗಿನ ಸೋಡಾ, ಆಮ್ಲ ಡಬ್ಬಿಯಲ್ಲೇ ಕೂಡಿ ಶಕ್ತಿ ಕಳೆದುಕೊಳ್ಳುತ್ತವೆ. ಪರೀಕ್ಷಿಸಲು ಅರ್ಧ ಲೋಟ ಬಿಸಿನೀರಿಗೆ ಅರ್ಧ ಚಮಚ ಪೌಡರ್ ಹಾಕಿ. ಬುಸ್ಸೆಂದು ನೊರೆ ಎದ್ದರೆ ಸರಿ, ಸುಮ್ಮನೆ ತಳ ಸೇರಿದರೆ ಹೊಸದು ತನ್ನಿ. 1 ಕಪ್ ಮೈದಾಕ್ಕೆ 1 ಟೀ ಚಮಚ ಸಾಕು, ಎರಡನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ಜಾಸ್ತಿ ಹಾಕಿದರೆ ಜಾಸ್ತಿ ಉಬ್ಬುತ್ತದೆಂಬುದು ಬರೀ ಭ್ರಮೆ: ಉಬ್ಬಿದ್ದು ನಡುವೆ ಕುಸಿಯುತ್ತದೆ, ಮೇಲೆ ಕಹಿ ಬೇರೆ. ಹಾಲು ಬೆರೆಸಿದ ಮೇಲೆ ಗಂಟು ಒಡೆಯುವಷ್ಟು ಮಾತ್ರ ಕಲಸಿ, ತಡಮಾಡದೆ ಬೇಯಲು ಇಡಿ. ಓವನ್ ಇಲ್ಲವೇ? ಕುಕ್ಕರಿನ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದು, ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು ಮೊದಲೇ ಕಾಯಿಸಿಕೊಳ್ಳಿ. ಹಿಟ್ಟಿನ ಪಾತ್ರೆ ಒಳಗಿಟ್ಟ ಮೇಲೆ ಎಷ್ಟೇ ಘಮ ಬಂದರೂ ಮೊದಲ 30 ನಿಮಿಷ ಮುಚ್ಚಳ ಮಾತ್ರ ತೆಗೆಯಬೇಡಿ.