ಸಿಡ್ನಿ ಬಂದರಿನಲ್ಲಿ ಹಾಯಿ ಹಿಡಿಯುವವರಿಗೆ ಹನ್ನೆರಡು ಸೂತ್ರಗಳು

ಸಿಡ್ನಿಗೆ ಹೋದವರೆಲ್ಲ ಒಪೆರಾ ಹೌಸಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಮ್ಯಾನ್ಲಿ ಫೆರಿ ಹತ್ತಿ ಹೋಗಿ ಬರುತ್ತಾರೆ. ತಪ್ಪೇನಿಲ್ಲ. ಆದರೆ ಅದೇ ನೀರಿನ ಮೇಲೆ ಇನ್ನೊಂದು ಬಗೆಯ ಪ್ರವಾಸವೂ ಉಂಟು: ನಲವತ್ತು ಅಡಿ ಆಸುಪಾಸಿನ ಒಂದು ಹಾಯಿದೋಣಿ, ಒಬ್ಬ ಸ್ಕಿಪ್ಪರ್, ಜೊತೆಗೊಬ್ಬ ಸಹಾಯಕ, ಆರೆಂಟು ಮಂದಿ ಅತಿಥಿಗಳು. ಹಾಯಿ ಏರಿಸುವವರು, ಹಗ್ಗ ಎಳೆಯುವವರು, ಚುಕ್ಕಾಣಿ ಹಿಡಿಯುವವರು ಈ ಅತಿಥಿಗಳೇ. ಮೊದಲೇ ಕಲಿತಿರಬೇಕಾಗಿಲ್ಲ. ದುಡ್ಡೂ ಕೊಟ್ಟು ಕೂಲಿಯೂ ಮಾಡುವುದೇಕೆ ಎನ್ನುವವರು ಫೆರಿಯಲ್ಲೇ ಹೋಗಲಿ, ಅಲ್ಲಿ ಕಾಫಿಯೂ ಸಿಗುತ್ತದೆ. ಉಳಿದವರಿಗೆ ಈ ಸೂತ್ರಗಳು.

1. ಬುಕ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿ

"ಚುಕ್ಕಾಣಿ ನಮ್ಮ ಕೈಗೆ ಕೊಡುತ್ತೀರಾ? ಒಟ್ಟು ಎಷ್ಟು ಜನ?" ಇಷ್ಟು ಸಾಕು. ಹಾಯಿದೋಣಿಯ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಪ್ರವಾಸಗಳು ತೇಲುವ ಪಾರ್ಟಿಗಳು. ಎಂಜಿನ್ ಓಡುತ್ತಿರುತ್ತದೆ, ಹಾಯಿ ಬರೀ ಅಲಂಕಾರಕ್ಕೆ. ಇನ್ನು, ಜನ ಹತ್ತಕ್ಕಿಂತ ಹೆಚ್ಚಾದರೆ ನಿಮ್ಮ ಪಾಳಿ ಬರುವಷ್ಟರಲ್ಲಿ ದಡವೂ ಬಂದಿರುತ್ತದೆ. ಎರಡು ಗಂಟೆಯದಕ್ಕಿಂತ ನಾಲ್ಕು ಗಂಟೆಯ ಪ್ರವಾಸ ಲೇಸು, ಏಕೆಂದರೆ ಮೊದಲ ಅರ್ಧ ಗಂಟೆ ಸೂಚನೆಗಳಲ್ಲೇ ಮುಗಿಯುತ್ತದೆ. ಸಸ್ಯಾಹಾರಿಗಳು ಆಗಲೇ ಹೇಳಿಬಿಡಿ. ಇಲ್ಲವೇ ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯಿರಿ, ಗಾಳಿಗೆ ಹಸಿವು ಇಮ್ಮಡಿ.

2. ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಬೇಡಿ, ಗಾಳಿ ನೋಡಿ ಮಾಡಿ

ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿ, ಬೆಳಿಗ್ಗೆ ನೀರು ಮಲಗಿರುವುದೇ ಹೆಚ್ಚು. ನೆಲ ಕಾದ ಮೇಲೆ ಮಧ್ಯಾಹ್ನದ ಹೊತ್ತಿಗೆ ಸಮುದ್ರದಿಂದ ಈಶಾನ್ಯದ ಗಾಳಿ ಏಳುತ್ತದೆ. ಹಾಗಾಗಿ ಮಧ್ಯಾಹ್ನದ ಪ್ರವಾಸ ಆರಿಸಿಕೊಳ್ಳಿ. ಚಳಿಗಾಲದಲ್ಲಿ ಪಶ್ಚಿಮದ ಒಣಗಾಳಿ, ಆಕಾಶ ಶುಭ್ರ, ದೋಣಿಗಳ ಗದ್ದಲವೂ ಕಡಿಮೆ. ಜಾಕೆಟ್ ಇದ್ದರೆ ನನ್ನ ಮತ ಚಳಿಗಾಲಕ್ಕೆ.

ಮೊದಲ ಸಲಕ್ಕೆ ಹತ್ತರಿಂದ ಹದಿನೈದು ನಾಟ್ ಗಾಳಿ ಹದವಾದದ್ದು, ಎಂದರೆ ಗಂಟೆಗೆ ಸುಮಾರು 18ರಿಂದ 28 ಕಿ.ಮೀ. ಎಚ್ಚರ ಬೇಕಾದದ್ದು 'ಸದರ್ಲಿ ಬಸ್ಟರ್' ಎಂಬ ದಕ್ಷಿಣದ ಗಾಳಿಯ ವಿಷಯದಲ್ಲಿ. ವಸಂತದಿಂದ ಬೇಸಿಗೆಯ ಕೊನೆಯವರೆಗಿನ ಸುಡುವ ದಿನಗಳಲ್ಲಿ ಅದು ಹೇಳದೆ ಕೇಳದೆ ನುಗ್ಗುತ್ತದೆ; ಗಾಳಿಯ ದಿಕ್ಕು ನಿಮಿಷಗಳಲ್ಲಿ ತಿರುಗಿ, ಉಷ್ಣಾಂಶ ಹತ್ತಕ್ಕೂ ಹೆಚ್ಚು ಡಿಗ್ರಿ ಕುಸಿಯುವುದೂ ಉಂಟು. ಹವಾಮಾನ ಇಲಾಖೆ ಮುನ್ಸೂಚನೆ ಕೊಡುತ್ತದೆ. ಸ್ಕಿಪ್ಪರ್ ಪ್ರವಾಸ ರದ್ದು ಮಾಡಿದರೆ ಜಗಳ ಕಾಯಬೇಡಿ, ಇನ್ನೊಂದು ದಿನ ಕೇಳಿ.

ಡಿಸೆಂಬರ್ 26 ಬೇಡ. ಅಂದು ಮಧ್ಯಾಹ್ನ ಇದೇ ಬಂದರಿನಿಂದ ಸಿಡ್ನಿ–ಹೋಬಾರ್ಟ್ ಹಾಯಿದೋಣಿ ಸ್ಪರ್ಧೆ ಹೊರಡುತ್ತದೆ. 1945ರಿಂದ ನಡೆದು ಬಂದ 628 ನಾಟಿಕಲ್ ಮೈಲಿಗಳ ಓಟ ಅದು. ನೋಡಲು ಹಬ್ಬ, ಕಲಿಯಲು ಜಾತ್ರೆ. ಹೊಸ ವರ್ಷದ ಮುನ್ನಾದಿನವೂ ಹಾಗೇ.

3. ಸೀರೆ, ದುಪಟ್ಟಾ, ಉಂಗುರ ಮನೆಯಲ್ಲಿರಲಿ

ಜೋತಾಡುವುದೆಲ್ಲ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಜಡೆ ಗಂಟು ಕಟ್ಟಿ, ಕರಿಮಣಿ ಸರವನ್ನು ಅಂಗಿಯೊಳಗೆ ಸೇರಿಸಿ. ಉಂಗುರ ಕಳಚಲೇಬೇಕು: ಬಿಗಿದ ಹಗ್ಗಕ್ಕೂ ಅದನ್ನು ಸುತ್ತುವ ವಿಂಚ್ ಎಂಬ ಪೀಪಾಯಿಗೂ ನಡುವೆ ಉಂಗುರದ ಬೆರಳು ಸಿಕ್ಕರೆ ಆಗುವ ಗಾಯ ಸಣ್ಣದಲ್ಲ. ಮೆತ್ತನೆ ಅಟ್ಟೆಯ, ಕಪ್ಪು ಗೀರು ಬಿಡದ ಶೂ ಹಾಕಿ. ಟೋಪಿಗೂ ಕನ್ನಡಕಕ್ಕೂ ದಾರ ಇರಲಿ. ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಯಾಕೆ ಎನ್ನಬೇಡಿ, ಆಸ್ಟ್ರೇಲಿಯಾದ ಬಿಸಿಲು ಬಣ್ಣ ಕೇಳಿ ಸುಡುವುದಿಲ್ಲ.

4. ಈಜು ಬಾರದಿದ್ದರೆ ಹತ್ತುವಾಗಲೇ ಹೇಳಿ

ನಮ್ಮಲ್ಲಿ ಎಷ್ಟೋ ಜನಕ್ಕೆ ಈಜು ಬಾರದು, ಹೇಳಿಕೊಳ್ಳಲು ಮಾತ್ರ ಸಂಕೋಚ. ಹೇಳಿದರೆ ಲೈಫ್ ಜಾಕೆಟ್ ತೊಡಿಸಿ, ನಿಮಗೊಪ್ಪುವ ಜಾಗದಲ್ಲಿ ಕೂರಿಸುತ್ತಾರೆ. ಯಾರೂ ನಗುವುದಿಲ್ಲ.

5. ಮೊದಲು ಬೂಮ್ ನೋಡಿ, ಆಮೇಲೆ ಒಪೆರಾ ಹೌಸ್ ನೋಡಿ

ಕೂವೆಮರದಿಂದ ಹಿಂದಕ್ಕೆ ಅಡ್ಡವಾಗಿ ಚಾಚಿದ ದಪ್ಪ ಕೊಳವೆಯೇ ಬೂಮ್. ದೊಡ್ಡ ಹಾಯಿಯ ಬುಡ ಅದರ ಮೇಲಿರುತ್ತದೆ. ಗಾಳಿ ಹಾಯಿಯ ಮತ್ತೊಂದು ಮಗ್ಗುಲಿಗೆ ಬಂದ ಕ್ಷಣ ಅದು ದೋಣಿಯ ಈ ಬದಿಯಿಂದ ಆ ಬದಿಗೆ ಬೀಸುತ್ತದೆ. ಕೂತಾಗ ತಾಗದು, ನಿಂತಾಗ ತಲೆಗೇ ಬರುತ್ತದೆ. ನಡೆಯುವಾಗ ಬಗ್ಗಿ ನಡೆಯಿರಿ, ಒಂದು ಕೈ ಯಾವಾಗಲೂ ಏನನ್ನಾದರೂ ಹಿಡಿದಿರಲಿ.

6. ಬಾಯಿ ಬಿಟ್ಟು "ರೆಡಿ" ಎನ್ನಿ

ದಿಕ್ಕು ಬದಲಿಸುವ ಮುನ್ನ ಸ್ಕಿಪ್ಪರ್ ಕೂಗುತ್ತಾರೆ: "ರೆಡಿ ಟು ಟ್ಯಾಕ್?" ನಾವೋ ಕತ್ತನ್ನು ಅತ್ತಿತ್ತ ಅಲ್ಲಾಡಿಸುತ್ತೇವೆ. ಅದು ಹೌದೋ ಅಲ್ಲವೋ ಆಸ್ಟ್ರೇಲಿಯಾದವರಿಗೆ ತಿಳಿಯುವುದಿಲ್ಲ, ಮೇಲಾಗಿ ಅವರ ಕಣ್ಣು ಹಾಯಿಯ ಮೇಲಿರುತ್ತದೆ. ಗಟ್ಟಿಯಾಗಿ "ರೆಡಿ" ಎನ್ನಿ. ಸಿದ್ಧವಿಲ್ಲದಿದ್ದರೆ "ನಾಟ್ ರೆಡಿ" ಅನ್ನುವುದೂ ಅಷ್ಟೇ ಮರ್ಯಾದೆಯ ಮಾತು, ಅವರು ಕಾಯುತ್ತಾರೆ. ಸುಮ್ಮನಿರುವುದೇ ತೊಂದರೆಗೆ ದಾರಿ.

7. ವಿಂಚಿನಲ್ಲಿ ಬಲಕ್ಕಿಂತ ಹೊತ್ತು ಮುಖ್ಯ

ಇಡೀ ಪ್ರವಾಸದಲ್ಲಿ ಕಲಿಯಲೇಬೇಕಾದ ಒಂದು ಕೆಲಸ ಯಾವುದೆಂದರೆ ಇದನ್ನೇ ಹೇಳುತ್ತೇನೆ. ವಿಂಚ್ ಎಂದರೆ ಹಗ್ಗ ಸುತ್ತಿ ಬಿಗಿಯುವ ಲೋಹದ ಪೀಪಾಯಿ. ದೋಣಿಯ ಎರಡು ಬದಿಗೂ ಒಂದೊಂದಿರುತ್ತದೆ. ಮುಂದಿನ ಹಾಯಿಯ ಹಗ್ಗವನ್ನು ಇದಕ್ಕೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೊದಲು ಎರಡು ಸುತ್ತು ಹಾಕಿಟ್ಟುಕೊಳ್ಳಿ. ದೋಣಿಯ ಮೂತಿ ಗಾಳಿಯನ್ನು ದಾಟುವಾಗ ಹಾಯಿ ಪಟಪಟ ಬಡಿದುಕೊಳ್ಳುತ್ತದೆ. ಸದ್ದಿಗೆ ಹೆದರಿ ಹಿಂದೆ ಸರಿಯುವವರೇ ಹೆಚ್ಚು, ಆದರೆ ಎಳೆಯಬೇಕಾದದ್ದು ಆಗಲೇ. ಹಾಯಿಯಲ್ಲಿ ಗಾಳಿ ಇನ್ನೂ ತುಂಬಿಲ್ಲ, ಹಗ್ಗ ಹಗುರವಾಗಿದೆ. ಬಾವಿಯಿಂದ ನೀರು ಸೇದುವಂತೆ ಕೈ ಮೇಲೆ ಕೈ ಹಾಕಿ ಸರಸರನೆ ಎಳೆಯಿರಿ. ಎರಡು ಮೂರು ಸೆಕೆಂಡಿನಲ್ಲಿ ಗಾಳಿ ತುಂಬುತ್ತದೆ, ಹಗ್ಗ ಕಬ್ಬಿಣದ ಸರಳಿನಷ್ಟು ಬಿಗಿಯಾಗುತ್ತದೆ. ಈಗ ಮೂರನೆಯ ಸುತ್ತು ಹಾಕಿ, ಹಿಡಿಕೆ ಸಿಕ್ಕಿಸಿ, ತಿರುಗಿಸಿ.

ಆ ಎರಡು ಸೆಕೆಂಡು ತಪ್ಪಿಸಿಕೊಂಡರೆ ಉಳಿದ ಮೂರಡಿ ಹಗ್ಗಕ್ಕೆ ಐದು ನಿಮಿಷ ಬೆವರು ಸುರಿಸಬೇಕು. ಎಳೆದದ್ದೆಲ್ಲ ಸರಿಯಾದ ಹೊತ್ತಿಗಾದರೆ ಹನ್ನೆರಡು ವರ್ಷದ ಹುಡುಗಿಯೂ ಈ ಕೆಲಸ ಮಾಡುತ್ತಾಳೆ. ಜಿಮ್‌ಗೆ ಹೋಗುವ ಅಣ್ಣಂದಿರು ತಡವಾಗಿ ಎಳೆದು ಏದುಸಿರು ಬಿಡುವುದೂ ಇದೇ ವಿಂಚಿನ ಮುಂದೆ.

ಎರಡು ಎಚ್ಚರ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಸಡಿಲಿಸುವಾಗ ಸುತ್ತುಗಳ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಒತ್ತಿ, ಇಂಚಿಂಚಾಗಿ ಬಿಡಿ. ಬೆರಳು ಒಳಗೆ ತೂರದಿರಲಿ.

8. ಚುಕ್ಕಾಣಿಯನ್ನು ಹೋಗುವಾಗಲೇ ಕೇಳಿ, ಬರುವಾಗ ಅಲ್ಲ

ಇದು ಸಿಡ್ನಿಯದೇ ಗುಟ್ಟು. ಹಾರ್ಬರ್ ಬ್ರಿಜ್ ಎಂಬ ಸೇತುವೆಯ ಬಳಿಯಿಂದ ಬಂದರು ಪೂರ್ವಕ್ಕೆ ಸಾಗಿ, ಈಶಾನ್ಯಕ್ಕೆ ಹೊರಳಿ, 'ಹೆಡ್ಸ್' ಎಂಬ ಎರಡು ಬಂಡೆಗೋಡೆಗಳ ನಡುವೆ ಪೆಸಿಫಿಕ್‌ಗೆ ತೆರೆದುಕೊಳ್ಳುತ್ತದೆ. ಬೇಸಿಗೆಯ ಗಾಳಿ ಬರುವುದೂ ಅದೇ ದಿಕ್ಕಿನಿಂದ. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಓರೆಯಾಗಿ ಆ ದಡಕ್ಕೊಮ್ಮೆ ಈ ದಡಕ್ಕೊಮ್ಮೆ ಹೋಗುತ್ತ ಮೇಲೇರಬೇಕು. ಅಂದರೆ ಹೋಗುವ ದಾರಿಯೆಲ್ಲ ಕೆಲಸ, ಬರುವ ದಾರಿ ಆರಾಮ. ಕಲಿಯುವುದೆಲ್ಲ ಹೋಗುವಾಗಲೇ. ಬಹುತೇಕರು ಸಂಕೋಚದಿಂದ ಕಾದು ಕೂತು, ಮರಳುವಾಗ ಚುಕ್ಕಾಣಿ ಹಿಡಿಯುತ್ತಾರೆ. ಆಗ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ. ಪಶ್ಚಿಮದ ಗಾಳಿಯಿರುವ ದಿನ ಲೆಕ್ಕ ತಿರುಗುಮುರುಗು.

ಚಕ್ರವಾದರೆ ಕಾರಿನ ಸ್ಟೀರಿಂಗ್‌ನ ದಿಕ್ಕೇ. ಟಿಲ್ಲರ್ ಎಂಬ ಕೋಲಾದರೆ ಉಲ್ಟಾ: ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ. ಎರಡರಲ್ಲೂ ಸಣ್ಣದಾಗಿ ತಿರುಗಿಸಿ, ಕಾಯಿರಿ. ದೋಣಿ ತಡವಾಗಿ ಓಗೊಡುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪಳಗಿದ ಕೈಗೆ ಈ ತಾಳ್ಮೆ ಸ್ವಲ್ಪ ಕಷ್ಟ. ಮುಂದಿನ ಹಾಯಿಯ ಎರಡೂ ಮಗ್ಗುಲಲ್ಲಿ ಅಂಟಿಸಿದ ನೂಲಿನ ಎಳೆಗಳನ್ನು ನೋಡುತ್ತಿರಿ. ಎರಡೂ ನೇರ ಹಿಂದಕ್ಕೆ ಹರಿದಿದ್ದರೆ ಸರಿಯಾಗಿ ಹೋಗುತ್ತಿದ್ದೀರಿ. ಗಾಳಿಯ ಕಡೆಯ ಎಳೆ ಮೇಲೆದ್ದು ಕುಣಿದರೆ ಗಾಳಿಗೆ ತೀರಾ ಎದುರಾಗಿದ್ದೀರಿ, ಸ್ವಲ್ಪ ಹೊರಳಿ. ಆಚೆ ಬದಿಯದು ಕುಣಿದರೆ ತೀರಾ ಹೊರಳಿದ್ದೀರಿ, ಮತ್ತೆ ಗಾಳಿಯ ಕಡೆಗೆ ಬನ್ನಿ.

ಅಪ್ಪ-ಅಮ್ಮನನ್ನು ಕರೆದೊಯ್ದವರು ಗಮನಿಸಿ: ಚುಕ್ಕಾಣಿಗೆ ಬಲ ಬೇಡ, ಗಮನ ಬೇಕು. ಮಂಡಿನೋವಿರುವ ತಂದೆಗೆ ವಿಂಚ್ ಬೇಡ, ಇದನ್ನು ಕೊಡಿ.

9. ಫೆರಿಗೆ ದಾರಿ ಬಿಡಿ

ಎಂಜಿನ್ನಿನ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕೆಂಬುದು ಸಾಮಾನ್ಯ ನಿಯಮ. ಸಿಡ್ನಿ ಬಂದರಿನಲ್ಲಿ ಅದಕ್ಕೊಂದು ಅಪವಾದವಿದೆ: ಕಿತ್ತಳೆ ಬಣ್ಣದ ವಜ್ರಾಕೃತಿಯ ಗುರುತು ಹೊತ್ತ ಫೆರಿಗೆ ಹಾಯಿದೋಣಿಯೇ ದಾರಿ ಬಿಡಬೇಕು. ಹಾಯಿದೋಣಿಗಳ ನಡುವೆ, ಎಡಬದಿಯಿಂದ ಗಾಳಿ ಪಡೆಯುತ್ತಿರುವುದು ಬಲಬದಿಯಿಂದ ಪಡೆಯುತ್ತಿರುವುದಕ್ಕೆ ದಾರಿ ಬಿಡಬೇಕು. ನೀವು ನೆನಪಿಟ್ಟುಕೊಳ್ಳಬೇಕಾದದ್ದು ಇನ್ನೂ ಸರಳ: ಸ್ಕಿಪ್ಪರ್ ಚುಕ್ಕಾಣಿಗೆ ಕೈ ಚಾಚಿದರೆ ತಕ್ಷಣ ಬಿಟ್ಟುಕೊಡಿ. ಯಾಕೆಂದು ಆಮೇಲೆ ಕೇಳಿ.

10. ಕಂಡದ್ದನ್ನು ಬಳಸಿಕೊಳ್ಳಿ

ಹಾರ್ಬರ್ ಬ್ರಿಜ್ಜಿನ ಕೆಳಗೆ ಹೋಗುವಾಗ ಕೂವೆಮರ ತಾಗಿಯೇಬಿಟ್ಟಿತು ಅನ್ನಿಸುತ್ತದೆ. ತಾಗುವುದಿಲ್ಲ. 1932ರಲ್ಲಿ ತೆರೆದ ಈ ಸೇತುವೆಯ ರಸ್ತೆಯ ಕೆಳಗೆ 49 ಮೀಟರ್ ಜಾಗವಿದೆ, ನಿಮ್ಮ ಕೂವೆಮರ ಅದರ ಅರ್ಧಕ್ಕೂ ಬಾರದು. ಸೇತುವೆಯ ಆಸುಪಾಸಿನಲ್ಲಿ ಗಾಳಿ ಸುತ್ತುಸುತ್ತಾಗಿ ಬರುತ್ತದೆ, ಹಗ್ಗದ ಮೇಲೆ ಗಮನವಿರಲಿ.

ಪೂರ್ವಕ್ಕೆ ಹೋದರೆ ನಡುನೀರಿನಲ್ಲಿ ಕಲ್ಲಿನ ಗೋಪುರದ ಪುಟ್ಟ ಕೋಟೆ, ಫೋರ್ಟ್ ಡೆನಿಸನ್. ಅಲ್ಲಿಂದ ಮುಂದೆ ಉತ್ತರ ದಡದಲ್ಲಿ ಬ್ರಾಡ್ಲೀಸ್ ಹೆಡ್. ಅದರ ತುದಿಯಲ್ಲಿ ನೀರಿನಲ್ಲಿ ನಿಂತ ಒಂಟಿ ಕಲ್ಲುಕಂಬ ಕಾಣುತ್ತದೆ. ಆ ಕಂಬದಿಂದ ಕೋಟೆಗೆ ಸರಿಯಾಗಿ ಒಂದು ನಾಟಿಕಲ್ ಮೈಲಿ, 1852 ಮೀಟರ್. ಹಿಂದೆ ಹಡಗುಗಳ ವೇಗ ಅಳೆಯಲು ಇದನ್ನೇ ಬಳಸುತ್ತಿದ್ದರು. ನೀವೂ ಅಳೆಯಿರಿ: ಈಶಾನ್ಯದ ಗಾಳಿಯಲ್ಲಿ ಮರಳುವಾಗ ದೋಣಿ ಈ ದೂರವನ್ನು ನೇರವಾಗಿ ಓಡುತ್ತದೆ. ಹನ್ನೆರಡು ನಿಮಿಷ ಹಿಡಿದರೆ ಐದು ನಾಟ್, ಹತ್ತೇ ನಿಮಿಷವಾದರೆ ಆರು. ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ, ಮೊಬೈಲ್ ತಾನಾಗಿ ಜೇಬಿಗೆ ಹೋಗುತ್ತದೆ.

ಅದೇ ತುದಿಯಲ್ಲಿ ಯುದ್ಧನೌಕೆಯೊಂದರ ಕೂವೆಮರವನ್ನು ನೆಟ್ಟಿದ್ದಾರೆ. ದಕ್ಷಿಣ ಭಾರತದವರು ಅದನ್ನು ನೋಡದೆ ಮುಂದೆ ಹೋಗಬಾರದು. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿ ತೈಲದ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ ಜರ್ಮನಿಯ 'ಎಮ್ಡೆನ್' ಹಡಗಿನ ಕಥೆ ನಮ್ಮ ಹಿರಿಯರ ಬಾಯಲ್ಲಿತ್ತು. ಅದೇ ನವೆಂಬರ್ 9ರಂದು ಕೊಕೋಸ್ ದ್ವೀಪಗಳ ಬಳಿ ಅದನ್ನು ಸೋಲಿಸಿದ್ದು ಆಸ್ಟ್ರೇಲಿಯಾದ 'ಸಿಡ್ನಿ' ಎಂಬ ಹಡಗು. ಇಲ್ಲಿರುವುದು ಆ ಹಡಗಿನ ಕೂವೆಮರ.

11. ಹೆಡ್ಸ್‌ವರೆಗೆ ಹೋಗಲು ಕೇಳಿ, ಹಟ ಮಾಡಬೇಡಿ

ಒಳಬಂದರಿನ ನೀರು ಸೌಮ್ಯ. ಹೆಡ್ಸ್ ಹತ್ತಿರ ಬಂದಂತೆ ಸಾಗರದ ಉದ್ದನೆಯ ಅಲೆ ದೋಣಿಯನ್ನು ಎತ್ತಿ ಇಳಿಸತೊಡಗುತ್ತದೆ. ಮಜವೂ ಅಲ್ಲೇ, ವಾಂತಿಯೂ ಅಲ್ಲೇ. ವಾಕರಿಕೆಯ ಸ್ವಭಾವದವರು ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಮುನ್ನವೇ ನುಂಗಿ. ತಲೆ ತಿರುಗಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೆಳಗಿನ ಕ್ಯಾಬಿನ್‌ಗೆ ಹೋಗಿ ಮಲಗಬೇಡಿ, ಮೇಲೆಯೇ ಕೂತು ದೂರದ ದಡ ನೋಡಿ. ಮೇಯಿಂದ ನವೆಂಬರ್‌ವರೆಗೆ ತಿಮಿಂಗಿಲಗಳು ಈ ಕರಾವಳಿಯುದ್ದಕ್ಕೂ ವಲಸೆ ಹೋಗುತ್ತವೆ, ಅದೃಷ್ಟವಿದ್ದರೆ ಆಚೆ ನೀರಿನಲ್ಲಿ ಉಸಿರಿನ ಕಾರಂಜಿ ಕಾಣುತ್ತದೆ. ಅಂದಹಾಗೆ, ಶೌಚಕ್ಕೆ ದಡದಲ್ಲೇ ಹೋಗಿ ಬನ್ನಿ. ವಾಲಿದ ದೋಣಿಯ ಪಂಪಿನ ಕಮೋಡು ಬೇರೆಯದೇ ವಿದ್ಯೆ.

12. ದಡ ಮುಟ್ಟಿದ ಕೂಡಲೇ ಇಳಿದು ಓಡಬೇಡಿ

ಹಾಯಿ ಮಡಚಲು, ಹಗ್ಗ ಸುತ್ತಿಡಲು, ಡೆಕ್ಕಿಗೆ ಸಿಹಿನೀರು ಹೊಯ್ಯಲು ಕೈ ಜೋಡಿಸಿ. ಸ್ಕಿಪ್ಪರ್ ಬಿಡುವಾಗಿ ಮಾತಾಡುವುದು ಆಗಲೇ, ಮುಂದಿನ ದಾರಿ ತಿಳಿಯುವುದೂ ಆಗಲೇ. ಅಕ್ಟೋಬರ್‌ನ ಮೊದಲ ಭಾನುವಾರ ಸಿಡ್ನಿಯ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗುತ್ತವೆ, ಏಪ್ರಿಲ್‌ನ ಮೊದಲ ಭಾನುವಾರದವರೆಗೆ ಸಂಜೆಗಳು ಉದ್ದ. ಆ ತಿಂಗಳುಗಳಲ್ಲಿ ಬಂದರಿನ ಹಾಯಿದೋಣಿ ಕ್ಲಬ್‌ಗಳು ವಾರದ ನಡುವೆ ಸಂಜೆಯ 'ಟ್ವೈಲೈಟ್' ಓಟ ನಡೆಸುತ್ತವೆ. ದೋಣಿಯ ಮಾಲೀಕರಿಗೆ ಕೈಗಳ ಕೊರತೆ ಇದ್ದೇ ಇರುತ್ತದೆ. ಸಿಡ್ನಿಯಲ್ಲೇ ಇರುವವರು ಹೋಗಿ ಹೆಸರು ಕೊಡಿ, ವಿಂಚ್ ಗೊತ್ತು ಎನ್ನಿ. ಎಷ್ಟೋ ದೋಣಿಗಳಲ್ಲಿ ಆ ಒಂದು ಮಾತಿಗೇ ಜಾಗ ಸಿಗುತ್ತದೆ, ಟಿಕೆಟ್ ಬೇಕಾಗುವುದಿಲ್ಲ.